ಅಂತರಗಂಗೆ ನಾಯಿ ಇರೋ ಮನೇಲಿ ಇಡಬಹುದಾ?

ಪವಿತ್ರಾ: ಟೆರೇಸ್ ಮೇಲಿನ ಸಿಮೆಂಟ್ ತೊಟ್ಟೀಲಿ ನೀರ ಮೇಲೆ ತೇಲೋ ಅಂತರಗಂಗೆ ಗಿಡ ಬಿಟ್ಟಿದೀನಿ, ಗಪ್ಪಿ ಮೀನಿಗೆ ನೆರಳಾಗ್ಲಿ ಅಂತ. ನಿನ್ನೆ ಸಂಜೆ ನಮ್ಮ ಕರಿಯ (8 ತಿಂಗಳ ನಾಟಿ ಮರಿ) ಒಂದು ಗಿಡ ಎಳ್ಕೊಂಡು ಅಗಿದುಬಿಟ್ಟ, ಆಮೇಲೆ ಅರ್ಧ ಗಂಟೆ ಜೊಲ್ಲೋ ಜೊಲ್ಲು, ಮುಂಗಾಲಲ್ಲಿ ಮೂತಿ ಉಜ್ಕೊಳ್ತಾನೇ ಇದ್ದ. ಈಗ ಊಟ ಮಾಡ್ತಿದಾನೆ. ಅತ್ತೆ ಗಿಡ ಎಲ್ಲಾ ಬಿಸಾಕು ಅಂತಿದಾರೆ, ನಿಜವಾಗ್ಲೂ ವಿಷಾನಾ ಇದು?

ರಘು: ವಿಷ ಏನಿಲ್ಲ ಮೇಡಂ. ನಮ್ಮ ಲ್ಯಾಬ್ರಡಾರ್ ನಾಯಿ 4 ವರ್ಷದಿಂದ ಅಂತರಗಂಗೆ ಇರೋ ತೊಟ್ಟಿ ನೀರೇ ಕುಡಿತಾನೆ, ಏನೂ ಆಗಿಲ್ಲ.

ಸುಮಾ, ಶಿರಸಿ: ನೀರು ಕುಡಿಯೋದು ಬೇರೆ, ಎಲೆ ಅಗಿಯೋದು ಬೇರೆ ರಘು ಅವ್ರೇ. ಅಂತರಗಂಗೆ ನಮ್ಮ ಕೆಸುವಿನ ಕುಟುಂಬದ್ದು. ಹಸಿ ಕೆಸು ಬಾಯಿಗಿಟ್ರೆ ನಾಲಿಗೆ ಗಂಟಲು ಎಲ್ಲಾ ಹೆಂಗೆ ತುರಿಸತ್ತೆ ಅಂತ ಪತ್ರೊಡೆ ಮಾಡೋ ಮನೇಲಿ ಯಾರನ್ನ ಬೇಕಾದ್ರೂ ಕೇಳಿ, ಅದಕ್ಕೇ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯ್ಸೋದು. ಎಲೇಲಿ ಕ್ಯಾಲ್ಸಿಯಂ ಆಕ್ಸಲೇಟ್ ಅನ್ನೋದು ಸಣ್ಣ ಸೂಜಿ ಥರ ಇರತ್ತೆ, ಅಗಿದ ಕೂಡ್ಲೆ ಬಾಯೊಳಗೆ ಚುಚ್ಕೊಳ್ಳತ್ತೆ. ಕರಿಯನಿಗೆ ಆಗಿದ್ದೂ ಅದೇ ಇರ್ಬೇಕು.

ನಾಗರಾಜ್: ಅಂತರಗಂಗೆ ಅಂದ್ರೆ ಕೆರೆ ತುಂಬಾ ನೇರಳೆ ಹೂ ಬಿಡುತ್ತಲ್ಲ ಅದಾ? ಅದನ್ನ ದನ ತಿನ್ನೋದು ನಾನೇ ನೋಡಿದೀನಿ.

ಸುಮಾ, ಶಿರಸಿ: ಅಲ್ಲ ನಾಗರಾಜಣ್ಣ, ನೀವು ಹೇಳ್ತಿರೋದು ವಾಟರ್ ಹಯಸಿಂತ್, ಅದರ ತೊಟ್ಟು ಬಲೂನ್ ಥರ ಉಬ್ಬಿರತ್ತೆ. ಅಂತರಗಂಗೆ ಪುಟ್ಟ ಕೋಸಿನ ಹಾಗೆ, ಎಲೆ ಮೇಲೆ ಮೆತ್ತನೆ ರೋಮ. ಎರಡಕ್ಕೂ ಒಂದೇ ಹೆಸರು ಹೇಳೋದ್ರಿಂದಾನೇ ಇಷ್ಟೆಲ್ಲ ಗೊಂದಲ. ಅಷ್ಟಕ್ಕೂ ದನ ತಿಂದಿದ್ದೆಲ್ಲ ನಾಯಿಗೂ ಆಗತ್ತೆ ಅಂತ ಇಲ್ಲ. ನೀರಿನ ಬಾಟಲೀಲಿ ಮನಿ ಪ್ಲಾಂಟ್ ಇಟ್ಟಿರ್ತೀವಲ್ಲ, ಅದೂ ಇದೇ ಕುಟುಂಬ, ಅದನ್ನೂ ಮರಿಗೆ ಎಟುಕದ ಹಾಗೆ ಇಡಿ.

ರಘು: ಒಪ್ಕೊಂಡೆ, ಆದ್ರೆ ಪೂರ್ತಿ ಕಿತ್ತುಹಾಕಿದ್ರೆ ಇನ್ನೊಂದು ತೊಂದ್ರೆ. ನೆರಳಿಲ್ದೆ ಬಿಸಿಲಿಗೆ ನೀರೆಲ್ಲ ಪಾಚಿ ಆಗುತ್ತೆ. ಪಾಚೀಲಿ ನೀಲಿ-ಹಸಿರು ಅಂತ ಒಂದು ಜಾತಿ ಇದೆ, ನೀರಿನ ಮೇಲೆ ಪೇಂಟ್ ಚೆಲ್ಲಿದ ಹಾಗೆ ಕಾಣುತ್ತೆ, ಅದರಲ್ಲಿ ಕೆಲವು ವಿಷ ಬಿಡ್ತವೆ, ಆ ನೀರು ಕುಡಿದ ನಾಯಿ ಲಿವರ್ ಹಾಳಾಗಿ ಸತ್ತೇ ಹೋಗ್ಬಹುದು. ನನ್ನ ಕೇಳಿದ್ರೆ ಅಂತರಗಂಗೆಗಿಂತ ಅದಕ್ಕೆ ಜಾಸ್ತಿ ಹೆದರ್ಬೇಕು.

ಸುಮಾ, ಶಿರಸಿ: ಆ ಮಾತು ನಿಜ. ಹಂಗಾದ್ರೆ ಗಿಡ ಇರ್ಲಿ, ಮೇಲೊಂದು ಜಾಲರಿ ಹಾಕಿ. ಅಲ್ದಿದ್ರೆ ತಾವರೆ ಬೆಳೆಸಿ, ಅದರ ದಂಟು ಬೀಜ ಎಲ್ಲಾ ಜನಾನೇ ತಿಂತಾರೆ.

ಪವಿತ್ರಾ: ಥ್ಯಾಂಕ್ಸ್ ಸುಮಕ್ಕ. ಮತ್ತೆ ಅಗಿದ್ರೆ ಏನ್ ಮಾಡ್ಲಿ? ಪಕ್ಕದ ಮನೆಯವ್ರು ಉಪ್ಪುನೀರು ಕುಡಿಸಿ ವಾಂತಿ ಮಾಡ್ಸು ಅಂದ್ರು.

ಸುಮಾ, ಶಿರಸಿ: ಅಯ್ಯೋ ಬೇಡ ಮಾರಾಯ್ತಿ! ವಾಂತಿ ಮಾಡ್ಸಿದ್ರೆ ಗಂಟಲು ಎರಡನೇ ಸಲ ಉರಿಯತ್ತೆ, ಉಪ್ಪು ಜಾಸ್ತಿಯಾದ್ರೆ ಅದೇ ನಾಯಿಗೆ ವಿಷ. ಬಾಯಿ ತಣ್ಣೀರಲ್ಲಿ ತೊಳೀರಿ, ಒಂದೆರಡು ಚಮಚ ಮೊಸರು ನೆಕ್ಕಿಸಿ. ನಾಲಿಗೆ ಊದ್ಕೊಂಡು ಉಸಿರಾಡೋಕೆ ಕಷ್ಟಪಟ್ರೆ, ಇಲ್ಲ ವಾಂತಿ ನಿಲ್ಲದೇ ಇದ್ರೆ, ಕಾಯ್ದೇ ಡಾಕ್ಟರ್ ಹತ್ರ ಓಡಿ, ಅಗಿದ ಎಲೆ ಒಂದು ಜೊತೇಲಿ ತಗೊಂಡು ಹೋಗಿ.

ಪವಿತ್ರಾ: ತೊಟ್ಟಿ ಅಳತೆ ತಗೊಂಡೆ, ನಾಳೆ ಹಾರ್ಡ್‌ವೇರ್ ಅಂಗಡೀಲಿ ಜಾಲರಿ ತರ್ತೀನಿ. ಅಲ್ಲೀವರ್ಗೂ ಟೆರೇಸ್ ಬಾಗಿಲು ಹಾಕೇ ಇರತ್ತೆ, ಕರಿಯ ಕೆಳಗೇ.