ವಿಪಸ್ಸನ: ಶಿಬಿರದಲ್ಲಿ ಆದ ಅನುಭವ ಮನೇಲಿ ಯಾಕೆ ಆಗ್ತಿಲ್ಲ?

ಹೊಂಗೆನೆರಳು (ಮಂಡ್ಯ)

ಎಲ್ರಿಗೂ ನಮಸ್ಕಾರ. ಹೋದ ವರ್ಷ ಗೋಯೆಂಕಾ ಅವರ ಪದ್ಧತಿಯ ವಿಪಸ್ಸನ ಧ್ಯಾನದ ಹತ್ತು ದಿನದ ಶಿಬಿರಕ್ಕೆ ಹೋಗಿದ್ದೆ, ಗೊತ್ತಿರೋರಿಗೆ ಗೊತ್ತಿರುತ್ತೆ, ಬೆಳಿಗ್ಗೆ ನಾಲ್ಕಕ್ಕೆ ಗಂಟೆ ಹೊಡೀತಾರೆ, ಮಾತಿಲ್ಲ ಫೋನಿಲ್ಲ, ಮೊದಲು ಮೂರು ದಿನ ಬರೀ ಮೂಗಿನ ಹತ್ರ ಉಸಿರು ನೋಡೋದು, ಆಮೇಲೆ ನೆತ್ತಿಯಿಂದ ಪಾದದ ತನಕ ಒಂದೊಂದೇ ಅಂಗ ಗಮನಿಸ್ತಾ ಬರೋದು. ಕೊನೇ ದಿನಗಳಲ್ಲಿ ಮೈಯೆಲ್ಲಾ ಸಣ್ಣಗೆ ಹರಿಯೋ ಥರ ಆಯ್ತು, ಮಂಡಿನೋವು ಎಲ್ಲಿ ಹೋಯ್ತೋ ಗೊತ್ತಿಲ್ಲ, ಕಣ್ಣು ಮುಚ್ಚಿದ್ರೂ ಬೆಳಕು. ಇಷ್ಟು ಸಮಾಧಾನ ಜೀವಮಾನದಲ್ಲೇ ಕಂಡಿರಲಿಲ್ಲ.

ಈಗ ಮನೇಲಿ ಬೆಳಿಗ್ಗೆ ಕೂತ್ಕೋತೀನಿ, ಅತ್ತೆ ಏಳೋಕೆ ಮುಂಚೆ. ಅದು ಬರ್ತಾನೇ ಇಲ್ಲ. ಮಂಡಿ ನೋವು, ತಲೆ ತುಂಬ ಮಕ್ಕಳ ಫೀಸು, ಆಫೀಸ್ ಕೆಲಸ, ಇಲ್ಲಾಂದ್ರೆ ತೂಕಡಿಕೆ. ನಾನು ಹಿಂದೆ ಬಿದ್ದೆ ಅಂತ ಅರ್ಥಾನಾ? ಜೊತೇಲಿ ಕೆಲಸ ಮಾಡೋರು ಇದೆಲ್ಲ ಸ್ಟ್ರೆಸ್ ಕಮ್ಮಿ ಮಾಡೋ ಎಕ್ಸರ್‌ಸೈಜ್ ಅಷ್ಟೇ, ಜ್ಞಾನೋದಯ ಗೀನೋದಯ ಎಲ್ಲ ಸನ್ಯಾಸಿಗಳಿಗೆ ಅಂತಾರೆ. ಬೈಲಕುಪ್ಪೆಗೆ ಹೋಗಿ ಅಲ್ಲಿ ಯಾರಾದ್ರೂ ಲಾಮಾನ ಕೇಳ್ಲಾ ಅಂತನೂ ಯೋಚ್ನೆ ಬಂತು. ತಿಳಿದೋರು ಹೇಳಿ.

ಕೆರೆಏರಿ (ಮೈಸೂರು)

ಮೇಡಂ, ನಿಮಗಾಗಿರೋದು ಹೊಸದಲ್ಲ, ಸಾವಿರದೈನೂರು ವರ್ಷದ ಹಿಂದೇನೇ ಬರೆದಿಟ್ಟಿದ್ದಾರೆ. ಬುದ್ಧಘೋಷರ ವಿಸುದ್ಧಿಮಗ್ಗ ಅನ್ನೋ ಬೌದ್ಧ ಗ್ರಂಥದಲ್ಲಿ ವಿಪಸ್ಸನಾ ಉಪಕ್ಕಿಲೇಸ ಅಂತ ಹತ್ತು ಬರುತ್ತೆ, ಅಂದ್ರೆ ಒಳನೋಟ ಶುರುವಾದಾಗ ಅದನ್ನ ಕದಡೋ ಸಂಗತಿಗಳು. ಪಟ್ಟೀಲಿ ಮೊದಲನೇದೇ ಬೆಳಕು. ಆಮೇಲೆ ಪೀತಿ (ಪುಳಕ), ಪ್ರಶಾಂತಿ, ಸುಖ ಎಲ್ಲ ಬರುತ್ತೆ. ಇವುಗಳಲ್ಲಿ ಹೆಚ್ಚಿನವು ತಾವಾಗಿ ಕೆಟ್ಟವಲ್ಲ, ಅಭ್ಯಾಸ ಸರಿಯಾಗಿ ಹೋಗ್ತಿದ್ರೇನೇ ಬರೋದು. ಕೊನೇದು ನಿಕಂತಿ, ಅಂದ್ರೆ ಮೇಲಿನ ಒಂಬತ್ತರ ಮೇಲೆ ಹುಟ್ಟೋ ಬಹಳ ಸೂಕ್ಷ್ಮವಾದ ಆಸೆ, ಸಿಕ್ಕಿಹಾಕ್ಕೊಳ್ಳೋದು ಅಲ್ಲೇ. ಇದೇ ದಾರಿ ಇದೇ ಗುರಿ ಅಂತ ಅಂದ್ಕೊಂಡು ಕೂತುಬಿಡ್ತೀವಿ. ಯಾವುದು ಮಾರ್ಗ ಯಾವುದು ಮಾರ್ಗ ಅಲ್ಲ ಅಂತ ತಿಳಿಯೋದನ್ನೇ ಆ ಗ್ರಂಥ ಏಳು ವಿಶುದ್ಧಿಗಳಲ್ಲಿ, ಅಂದ್ರೆ ಶುದ್ಧಿಯ ಹಂತಗಳಲ್ಲಿ, ಐದನೇದು ಅಂತ ಲೆಕ್ಕ ಹಾಕುತ್ತೆ. ಹಾಗಾಗಿ ನೀವು ಹಿಂದೆ ಬಿದ್ದಿಲ್ಲ, ಸರಿಯಾದ ಜಾಗದಲ್ಲೇ ನಿಂತಿದೀರ.

ನಾಳೆ ಕೂತಾಗ ಒಂದು ನೋಡಿ. ಕಣ್ಣು ಮುಚ್ಚಿದ ತಕ್ಷಣ ಮನಸ್ಸು ನೆತ್ತೀಲಿ ಆ ಜುಮ್ ಅನ್ನೋದನ್ನ ಹುಡುಕೋಕೆ ಹೋಗುತ್ತೆ. ಸಿಗಲ್ಲ. ಆಗ ಹುಬ್ಬಿನ ಮಧ್ಯ ಸ್ವಲ್ಪ ಗಂಟಾಗುತ್ತೆ, ಹೊಟ್ಟೆ ಬಿಗಿಯುತ್ತೆ, ಉಸಿರು ಮೇಲೇ ನಿಲ್ಲುತ್ತೆ. ಆ ಗಂಟು ಆ ಬಿಗಿತಾನೇ ಅವತ್ತಿನ ಪಾಠ. ‘ಬೇಕು’ ಅನ್ನೋ ಆಸೆ ಮೈಯಲ್ಲಿ ಕಾಣೋ ರೂಪ ಅದು. ವೇದನೆಯಿಂದ (ಇಲ್ಲಿ ಬರೀ ನೋವಲ್ಲ, ಹಿತ ಅಹಿತ ಅನ್ನೋ ಅನುಭವ) ತೃಷ್ಣೆ, ಅಂದ್ರೆ ಆಸೆ, ಅಂತ ಪಟಿಚ್ಚಸಮುಪ್ಪಾದದಲ್ಲಿ, ಅಂದ್ರೆ ಒಂದರಿಂದ ಒಂದು ಹುಟ್ಟೋ ಸರಪಳಿಯ ಬೋಧನೇಲಿ, ಬರೋದು ನಿಮ್ಮ ಕಣ್ಣೆದುರಿಗೇ ನಡೀತಿದೆ, ಅದನ್ನ ಬಿಟ್ಟು ಬೆಳಕು ಹುಡುಕಿದ್ರೆ ಹೇಗೆ?

ಧಮ್ಮದಿನ್ನಾ ಅನ್ನೋ ಭಿಕ್ಖುಣಿ ತನ್ನ ಪೂರ್ವಾಶ್ರಮದ ಗಂಡ ವಿಶಾಖನಿಗೆ ಹೇಳ್ತಾಳೆ, ಬೌದ್ಧ ಉಪದೇಶಗಳ ಸಂಗ್ರಹ ಮಜ್ಝಿಮ ನಿಕಾಯದ ಚೂಳವೇದಲ್ಲ ಸುತ್ತದಲ್ಲಿದೆ, ಸುಖ ವೇದನೆಯ ತಳದಲ್ಲಿ ರಾಗ ಮಲಗಿರುತ್ತೆ, ದುಃಖ ವೇದನೆಯ ತಳದಲ್ಲಿ ದ್ವೇಷ, ಎರಡೂ ಅಲ್ಲದ್ದರ ತಳದಲ್ಲಿ ಅವಿದ್ಯೆ. ಶಿಬಿರದಲ್ಲಿ ನಿಮಗೆ ಮೊದಲನೇದು ಕಾಣಲಿಲ್ಲ, ಅಷ್ಟು ಹಿತವಾಗಿತ್ತು. ಈಗ ಮಂಡಿನೋವು ಎರಡನೇದನ್ನ ತೋರಿಸ್ತಿದೆ. ನನ್ನ ಕೇಳಿದ್ರೆ ಈಗಿನ ಕೂರೋದೇ ಹೆಚ್ಚು ಬೆಲೆಯದ್ದು. ಆದ್ರೆ ಮಂಡಿ ನಿಜವಾಗ್ಲೂ ಊದ್ಕೊಂಡಿದ್ರೆ ಕುರ್ಚೀಲಿ ಕೂತ್ಕೊಳ್ಳಿ, ಮೂಳೆ ಡಾಕ್ಟರಿಗೆ ತೋರಿಸಿ, ಅದರಲ್ಲಿ ಹಠ ಬೇಡ.

ಗದ್ದೆಬದು (ಮದ್ದೂರು)

ಮೇಲಿನವ್ರು ಹೇಳಿದ್ದು ಸರಿ ಐತೆ. ನಾನು ನಿಮ್ ಎರಡನೇ ಪ್ರಶ್ನೆಗೆ ಬತ್ತೀನಿ ಕಣಕ್ಕ, ಸನ್ಯಾಸಿಗಳಿಗೆ ಮಾತ್ರ ಅನ್ನೋದು. ಅದು ಸುಳ್ಳು. ಬುದ್ಧನ ಕಾಲದ ಅನಾಥಪಿಂಡಿಕ ವ್ಯಾಪಾರಸ್ಥ, ವಿಶಾಖೆ ಮಕ್ಕಳು ಮೊಮ್ಮಕ್ಕಳು ತುಂಬಿದ ಮನೆಯಾಕೆ, ಇಬ್ರೂ ಸೋತಾಪನ್ನರು, ಅಂದ್ರೆ ಬಿಡುಗಡೆಯ ದಾರೀಲಿ ಮೊದಲ ಮೆಟ್ಟಿಲು ಏರಿದೋರು. ಚಿತ್ತ ಅನ್ನೋ ಗೃಹಸ್ಥ ಇನ್ನೂ ಮುಂದೆ, ಅನಾಗಾಮಿ, ಅಂದ್ರೆ ಮೂರನೇ ಮೆಟ್ಟಿಲು. ಅಷ್ಟು ದೂರ ಯಾಕೆ, ಗೋಯೆಂಕಾ ಅವ್ರೇ ಸಂಸಾರಸ್ಥರಾಗಿದ್ರು, 1969ರಲ್ಲಿ ಬರ್ಮಾದಿಂದ ಇಲ್ಲಿಗೆ ಬಂದು ಕಲಿಸೋಕೆ ಶುರು ಮಾಡಿದ್ದು, ಅವರ ಗುರು ಊ ಬಾ ಖಿನ್ ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್ ಆಗಿದ್ರು. ಫೈಲು ನೋಡ್ಕೊಂಡು, ಸಂಸಾರ ನಡಿಸ್ಕೊಂಡು, ಆಫೀಸಿನವ್ರಿಗೂ ಧ್ಯಾನ ಹೇಳ್ಕೊಟ್ಟವ್ರೆ.

ಸ್ಟ್ರೆಸ್ ಕಮ್ಮಿ ಆಗೋದು ನಿಜ, ಅಮೆರಿಕದಲ್ಲಿ ಜಾನ್ ಕಬಟ್ ಜಿನ್ 1979ರಲ್ಲಿ ಆಸ್ಪತ್ರೇಲಿ ನೋವಿರೋ ರೋಗಿಗಳಿಗೆ ಅಂತ ಶುರು ಮಾಡಿದ ತರಬೇತಿನೂ ಇಂಥ ಬೌದ್ಧ ಧ್ಯಾನದಿಂದ ತಗಂಡಿದ್ದು, ಅದು ಒಳ್ಳೇ ಕೆಲಸನೇ. ಆದ್ರೆ ಬುದ್ಧ ಅಲ್ಲಿಗೆ ನಿಲ್ಲಿಸ್ಲಿಲ್ಲ. ಸೋತಾಪತ್ತಿಗೆ, ಆ ಮೊದಲ ಮೆಟ್ಟಿಲಿಗೆ, ಅಳತೆ ಏನು ಅಂದ್ರೆ ಮೂರು ಸಂಯೋಜನ, ಅಂದ್ರೆ ಕಟ್ಟು, ಹರೀಬೇಕು, ಈ ಮೈ ಮನಸ್ಸೇ ನಾನು ಅನ್ನೋ ದೃಷ್ಟಿ, ದಾರಿ ಬಗ್ಗೆ ಅನುಮಾನ, ವ್ರತ ಆಚಾರದಿಂದ್ಲೇ ಬಿಡುಗಡೆ ಅನ್ನೋ ಪಟ್ಟು. ಇದರಲ್ಲಿ ಜುಮ್ ಅನ್ನೋದು ಎಲ್ಲೂ ಇಲ್ಲ ನೋಡಿ.

ನಾನು ದಿನಾ ಟ್ರೈನಲ್ಲಿ ಮೈಸೂರಿಗೆ ಓಡಾಡೋನು. ಪಾಂಡವಪುರ ದಾಟೋವಾಗ ಸೀಟಿನ ತುದೀಲಿ ಕೂತಿರ್ತೀನಿ, ಯಾರೋ ಬಂದು ಸ್ವಲ್ಪ ಜರುಗಿ ಅಂತಾರೆ. ಬಾಯಿಗೆ ಮಾತು ಬರೋಕೆ ಮುಂಚೆನೇ ದವಡೆ ಕಚ್ಕತದೆ, ಎದೇಲಿ ಬಿಸಿ ಏಳ್ತದೆ, ಆ ಬಿಸಿ ಒಂಚೂರು ಹೊತ್ತು ಇದ್ದು ತಾನಾಗೇ ಇಳೀತದೆ, ನಾನು ಏನೂ ಮಾಡ್ದೇನೇ. ಇದನ್ನ ನೋಡಕ್ಕಾದ್ರೆ ಅನಿಚ್ಚ, ಯಾವ್ದೂ ಶಾಶ್ವತ ಅಲ್ಲ ಅನ್ನೋದು, ಅಂದ್ರೇನು ಅಂತ ಬೇರೆ ಯಾರೂ ಹೇಳ್ಬೇಕಿಲ್ಲ. ಇನ್ನೊಂದು, ಶೀಲ ಬುಡಬೇಡಿ. ಹಗಲೆಲ್ಲ ಸುಳ್ಳು ಹೇಳಿ, ಜಗಳ ಆಡಿ, ಬೆಳಿಗ್ಗೆ ಕೂತ್ರೆ ಅದೇ ತಲೇಲಿ ಓಡ್ತದೆ. ಪಂಚಶೀಲ, ಅಂದ್ರೆ ಐದು ನಡತೆ ನಿಯಮ, ಇಲ್ದೆ ಸತಿ, ಅಂದ್ರೆ ಎಚ್ಚರದ ಗಮನ, ನಿಲ್ಲಾಕಿಲ್ಲ.

ಮುಂಗಾರು_ಮೋಡ (ಮೈಸೂರು)

ಸ್ವಲ್ಪ ಭಿನ್ನಾಭಿಪ್ರಾಯ ಇದೆ, ತಪ್ಪು ತಿಳೀಬೇಡಿ. ಎಲ್ಲರೂ ವಿಪಸ್ಸನ ವಿಪಸ್ಸನ ಅಂತೀರ, ಸಮಾಧಿ ಬಗ್ಗೆ ಯಾರೂ ಮಾತಾಡ್ತಿಲ್ಲ. ಅಷ್ಟಾಂಗ ಮಾರ್ಗದಲ್ಲಿ ಸಮ್ಮಾ ಸಮಾಧಿ ಅಂದ್ರೆ ನಾಲ್ಕು ಝಾನಗಳು (ಮನಸ್ಸು ಆಳವಾಗಿ ನೆಲೆ ನಿಲ್ಲೋ ಹಂತಗಳು) ಅಂತ ದೀಘ ನಿಕಾಯ ಅನ್ನೋ ಸಂಗ್ರಹದ ಮಹಾಸತಿಪಟ್ಠಾನ ಸುತ್ತದಲ್ಲೇ ಸ್ಪಷ್ಟವಾಗಿದೆ. ಪೀತಿ ಸುಖ ಬಂದ ಕೂಡ್ಲೇ ಬರೀ ನೋಡಿ ಬಿಡಿ ಅನ್ನೋದು ಎಲ್ಲಾ ಕಡೆ ಸರಿ ಅಂತ ನನಗನ್ನಿಸಲ್ಲ, ಮೊದಲ ಝಾನದಲ್ಲಿ ಅವೇ ಅಂಗಗಳು. ಮನಸ್ಸು ಒಂದು ಕಡೆ ನಿಲ್ಲೋಕೇ ಬರದಿದ್ರೆ ಏನನ್ನ ಅಂತ ನೋಡ್ತೀರಿ? ನಿಮಗೆ ತಲೆ ತುಂಬ ಫೀಸು, ಆಫೀಸು ಓಡ್ತಿದೆ ಅಂದ್ರಲ್ಲ, ಕೆಲವು ವಾರ ಮೈ ನೋಡೋದು ಬಿಟ್ಟು ಬರೀ ಆನಾಪಾನ, ಅಂದ್ರೆ ಉಸಿರು ನೋಡೋದು, ಮಾಡಿ.

ಬೈಲಕುಪ್ಪೆ ಬಗ್ಗೆ: ಅಲ್ಲಿನ ನಮ್ದ್ರೋಲಿಂಗ್ ಟಿಬೆಟಿಯನ್ ಬೌದ್ಧರ ನ್ಯಿಂಗ್ಮಾ ಪರಂಪರೆಯ ವಿಹಾರ, 1963ರಲ್ಲಿ ಪೆನೋರ್ ರಿನ್ಪೋಚೆ ಶುರು ಮಾಡಿದ್ದು. ಅವರಲ್ಲೂ ಶಮಥ (ಮನಸ್ಸನ್ನ ಶಾಂತವಾಗಿ ನಿಲ್ಲಿಸೋದು) ವಿಪಶ್ಯನ (ಒಳನೋಟ) ಎರಡೂ ಇದೆ, ಆದ್ರೆ ದಾರಿ ಬೇರೆ, ಗುರು ಬೇಕು, ಲಕ್ಷ ಸಾಷ್ಟಾಂಗ ನಮಸ್ಕಾರದಂಥ ಪೂರ್ವಸಿದ್ಧತೆ ಇರುತ್ತೆ. ಹೋಗಿ ಬನ್ನಿ, ಖಂಡಿತ ಒಳ್ಳೇದೇ, ಆದ್ರೆ ನಿಮ್ಮ ಈ ಪ್ರಶ್ನೆಗೆ ನಿಮ್ಮ ಪದ್ಧತಿಯ ಆಚಾರ್ಯರನ್ನ ಕೇಳೋದೇ ಮೇಲು.

ಕೆರೆಏರಿ (ಮೈಸೂರು)

ಮೋಡ ಅವರೇ, ಈ ವಾದ ಹಳೇದು, ಇಬ್ಬರಿಗೂ ಜಾಗ ಇದೆ. ಅಂಗುತ್ತರ ನಿಕಾಯ ಅನ್ನೋ ಸಂಗ್ರಹದಲ್ಲಿ ಬುದ್ಧನ ಶಿಷ್ಯ ಆನಂದರು ಕೋಸಂಬಿಯಲ್ಲಿ ಹೇಳ್ತಾರೆ, ಕೆಲವರು ಶಮಥ ಮುಂದಿಟ್ಕೊಂಡು ವಿಪಸ್ಸನ ಬೆಳೆಸ್ತಾರೆ, ಕೆಲವರು ವಿಪಸ್ಸನ ಮುಂದಿಟ್ಕೊಂಡು ಶಮಥ, ಕೆಲವರು ಎರಡನ್ನೂ ಜೋಡಿ ಕಟ್ಟಿ. ಆನಾಪಾನ ಮಾಡಿ ಅನ್ನೋ ನಿಮ್ಮ ಸಲಹೆ ನನಗೂ ಒಪ್ಪಿಗೆ. ಆದ್ರೆ ಇವರು ಆ ಸುಖಾನ ಮತ್ತೆ ತರಿಸ್ಬೇಕು ಅಂತ ಉಸಿರಿನ ಮೇಲೆ ಕೂತ್ರೆ ಅದೇ ಗಂಟು ಅಲ್ಲೂ ಬರುತ್ತೆ, ಆ ಎಚ್ಚರ ಇರ್ಲಿ.

ಹೊಂಗೆನೆರಳು (ಮಂಡ್ಯ)

ಎಲ್ರಿಗೂ ತುಂಬ ಥ್ಯಾಂಕ್ಸ್. ಹುಬ್ಬಿನ ಗಂಟು ಇವತ್ತೇ ನೋಡಿದೆ, ಇದೆ, ನೀವು ಹೇಳಿದ ಜಾಗದಲ್ಲೇ. ಅದನ್ನೇ ನೋಡ್ತಾ ಇದ್ದೆ, ಸ್ವಲ್ಪ ಹೊತ್ತಾದ ಮೇಲೆ ಸಡಿಲ ಆಯ್ತು, ಮತ್ತೆ ಕಟ್ಕೊಳ್ತು. ಆನಾಪಾನ ಮುಂದಿನ ವಾರದಿಂದ ಶುರು ಮಾಡ್ತೀನಿ. ತೂಕಡಿಕೆ ಬಗ್ಗೆ ಯಾರೂ ಹೇಳ್ಲಿಲ್ಲ, ಅದೇ ದೊಡ್ಡ ತೊಂದ್ರೆ, ರಾತ್ರಿ ಪಾತ್ರೆ ಎಲ್ಲ ಮುಗಿಸಿ ಮಲಗೋದೇ ಹನ್ನೊಂದೂವರೆ.

ಗದ್ದೆಬದು (ಮದ್ದೂರು)

ಅಕ್ಕ, ಮೊದಲು ನಿದ್ದೆ ಸರಿ ಮಾಡ್ಕಳಿ, ಹನ್ನೊಂದೂವರೆಗೆ ಮಲಗಿ ಬೆಳಗಿನ ಜಾವ ಎದ್ರೆ ಯಾರಿಗಾದ್ರೂ ತೂಕಡಿಕೆನೇ. ಆಗಲ್ಲ ಅಂದ್ರೆ ಕೂರೋ ಹೊತ್ತು ಸಂಜೆಗೆ ಬದಲಾಯ್ಸಿ. ಇನ್ನು ಬುದ್ಧ ಇದಕ್ಕೂ ಹೇಳವ್ರೆ, ಶಿಷ್ಯ ಮೊಗ್ಗಲ್ಲಾನ ತೂಕಡಿಸ್ತಾ ಕೂತಿದ್ದಾಗ, ಅಂಗುತ್ತರದ ಏಳರ ನಿಪಾತದಲ್ಲಿ, ಅಂದ್ರೆ ಏಳನೇ ಭಾಗದಲ್ಲಿ, ಐತೆ. ಯಾವ ಯೋಚನೆಯಿಂದ ಮಂಪರು ಬಂತೋ ಅದನ್ನ ಬುಡು, ಹೋಗ್ಲಿಲ್ವಾ, ಕೇಳಿದ ಧರ್ಮಾನ ನೆನೆಸ್ಕೋ, ಬಾಯಲ್ಲಿ ಹೇಳ್ಕೋ, ಇನ್ನೂ ಹೋಗ್ಲಿಲ್ಲ ಅಂದ್ರೆ ಎರಡೂ ಕಿವಿ ಎಳ್ಕೊಂಡು ಕೈಕಾಲು ಉಜ್ಜು, ಎದ್ದು ಕಣ್ಣಿಗೆ ನೀರು ಹಾಕ್ಕೊಂಡು ನಕ್ಷತ್ರ ನೋಡು, ಬೆಳಕನ್ನ ಮನಸಿಗೆ ತಂದ್ಕೋ, ಹಿಂದಕ್ಕೂ ಮುಂದಕ್ಕೂ ನಡಿ. ಅದ್ಯಾವ್ದೂ ಆಗ್ಲಿಲ್ಲ ಅಂದ್ರೆ ಬಲಮಗ್ಗುಲಿಗೆ ಮಲಗು, ಏಳೋ ಹೊತ್ತು ಮನಸಲ್ಲಿ ಇಟ್ಕೊಂಡು.