ಮನೆಯಿಂದ ದೂರ ಹೋಗಲಾಗದ ನಿರ್ದೇಶಕ ಬಸ್ ನಿಲ್ದಾಣದ ದೃಶ್ಯ ತೆಗೆಯುವುದು ಹೇಗೆ?

ಪ್ರಶ್ನೆ

ನಮಸ್ಕಾರ. ಆರು ವರ್ಷಗಳಿಂದ ನನಗೆ ಅಗೋರಾಫೋಬಿಯಾ (ಮನೆಯಿಂದ ದೂರ, ಬಯಲಿಗೋ ಜನಸಂದಣಿಗೋ ಹೋಗಲು ದಿಗಿಲಾಗುವ ಕಾಯಿಲೆ) ಇದೆ, ಜೊತೆಗೆ ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ಏರುವ ತೀವ್ರ ದಿಗಿಲು ಕೂಡ ಬರುತ್ತದೆ. ಚಿಕಿತ್ಸೆ ನಡೆಯುತ್ತಿದ್ದು, ಸದ್ಯಕ್ಕೆ ಮೈಸೂರಿನ ನಮ್ಮ ಬೀದಿಯ ತಿರುವಿನಲ್ಲಿರುವ ಹಾಲಿನ ಬೂತಿನವರೆಗೆ ಒಬ್ಬನೇ ಹೋಗಿಬರಬಲ್ಲೆ. ಈ ಸ್ಥಿತಿಯಲ್ಲೇ, ಕೈಯಿಂದ ದುಡ್ಡು ಹಾಕಿ, ಇಪ್ಪತ್ತು ನಿಮಿಷಗಳ ಅತಿವಾಸ್ತವ ಕಿರುಚಿತ್ರವೊಂದನ್ನು ಮಾಡುತ್ತಿದ್ದೇನೆ. ಹೊಸ್ತಿಲು ದಾಟಿದಾಗಲೆಲ್ಲ ತನ್ನ ಮನೆಯ ಬಚ್ಚಲಿಗೇ ಬಂದು ನಿಲ್ಲುವ ಹೆಂಗಸೊಬ್ಬಳ ಕಥೆ ಅದು. ಮನೆಯೊಳಗಿನ ಭಾಗಗಳೆಲ್ಲ ಮುಗಿದಿವೆ. ಕೊನೆಯಲ್ಲಿ ಅವಳು ಬಸ್ ನಿಲ್ದಾಣವನ್ನು ತಲುಪಬೇಕು. ಜನರಿಲ್ಲದ ಹೊತ್ತು ನನಗೆ ಸುಲಭವಾದೀತೆಂದು ಬೆಳಗಿನ ಜಾವ ನಾಲ್ಕು ಗಂಟೆಯ ನಗರ ಬಸ್ ನಿಲ್ದಾಣವನ್ನು ಆರಿಸಿಕೊಂಡಿದ್ದೇನೆ. ಕ್ಯಾಮೆರಾ ನೋಡಿಕೊಳ್ಳುವ ನನ್ನ ಚಿಕ್ಕಪ್ಪನ ಮಗ, "ನೀನು ವಿಡಿಯೊ ಕಾಲ್‌ನಲ್ಲಿ ಹೇಳು, ನಾನು ತೆಗೆದುಕೊಂಡು ಬರುತ್ತೇನೆ" ಎನ್ನುತ್ತಾನೆ. ಹಾಗೆ ತೆಗೆದ ದೃಶ್ಯ ನನ್ನದೆನಿಸಿಕೊಳ್ಳುತ್ತದೆಯೇ?

ಉತ್ತರ 1

ನಾನು ಸಂಕಲನಕಾರ, ಹಾಗಾಗಿ ನನ್ನ ಉತ್ತರ ಕತ್ತರಿಯ ಕಡೆಗೇ ವಾಲುತ್ತದೆ. ಅಮೆರಿಕದ ಪ್ರಯೋಗಶೀಲ ಚಿತ್ರ ನಿರ್ದೇಶಕಿ ಮಾಯಾ ಡೆರೆನ್ 1943ರಲ್ಲಿ ಪತಿ ಅಲೆಕ್ಸಾಂಡರ್ ಹಮಿದ್ ಜೊತೆಗೂಡಿ, ತಾವು ವಾಸವಿದ್ದ ಹಾಲಿವುಡ್‌ನ ಮನೆಯಲ್ಲೇ ಬಹುಪಾಲು ಚಿತ್ರೀಕರಿಸಿದ 'ಮೆಶಸ್ ಆಫ್ ದಿ ಆಫ್ಟರ್‌ನೂನ್' ಚಿತ್ರದಲ್ಲಿ, ನಾಯಕಿ ಕುರ್ಚಿಯಿಂದೆದ್ದು ಇಡುವ ಕೆಲವೇ ಹೆಜ್ಜೆಗಳು ಮರಳು, ಹುಲ್ಲು, ಕಲ್ಲುಹಾಸುಗಳನ್ನು ದಾಟಿ ಕೋಣೆಯ ಜಮಖಾನೆಯ ಮೇಲೆ ಬೀಳುತ್ತವೆ. ಆ ನೆಲಗಳು ಅಕ್ಕಪಕ್ಕದಲ್ಲಿವೆಯೆಂದು ನಂಬಿಸುವುದು ಸಂಕಲನವೇ. ನಿಮ್ಮ ನಾಯಕಿಯೂ ಬಚ್ಚಲಿಗೆ ಬಂದು ನಿಲ್ಲುವವಳು ತಾನೇ? ನಿಲ್ದಾಣದ ಸದ್ದನ್ನು ಮಾತ್ರ ತರಿಸಿಕೊಂಡು, "ಬೆಟ್ಟ, ಬೆಟ್ಟ" ಎಂದು ಕಂಡಕ್ಟರ್ ಕೂಗುವುದನ್ನು ಹಂಡೆಯ ಆವಿಯೊಳಗಿನಿಂದ ಕೇಳಿಸಿ. ನಿಲ್ದಾಣವನ್ನು ತೋರಿಸಲೇಬೇಕೆಂಬ ಹಟ ವಾಸ್ತವವಾದಿ ಚಿತ್ರದ್ದು.

ಉತ್ತರ 2

ಇದೇ ಕಾಯಿಲೆಯೊಂದಿಗೆ ಹನ್ನೊಂದು ವರ್ಷ ಬದುಕಿರುವ ನನಗೆ ಮೇಲಿನ ಸಲಹೆಯ ಬಗ್ಗೆ ಒಂದು ತಕರಾರಿದೆ. ಅದಕ್ಕೂ ಮೊದಲು ನಾಲ್ಕು ಗಂಟೆಯ ಲೆಕ್ಕಾಚಾರದ ಮಾತು. 1871ರಲ್ಲಿ ಬರ್ಲಿನ್ನಿನ ವೈದ್ಯ ಕಾರ್ಲ್ ವೆಸ್ಟ್‌ಫಾಲ್ ಅಗೋರಾಫೋಬಿಯಾ ಎಂಬ ಹೆಸರನ್ನು ಬಳಕೆಗೆ ತಂದಾಗ, ಆತ ವಿವರಿಸಿದ ರೋಗಿಗಳ ದಿಗಿಲು ಅಂಗಡಿಗಳು ಮುಚ್ಚಿ ಬೀದಿ ಬಿಕೋ ಎನ್ನುವ ಹೊತ್ತಿನಲ್ಲಿ ಇನ್ನಷ್ಟು ಏರುತ್ತಿತ್ತು. ನನಗೂ ಹಾಗೆಯೇ. ಸಂತೆಯಲ್ಲಿ ತಲೆತಿರುಗಿ ಬಿದ್ದರೆ ಯಾರಾದರೂ ನೀರು ಚಿಮುಕಿಸುತ್ತಾರೆ, ಖಾಲಿ ಮೈದಾನದಲ್ಲಿ ಯಾರಿದ್ದಾರೆ ಅನ್ನಿಸುತ್ತದೆ.

ಇನ್ನು ತಕರಾರು. ಅಟ್ಯಾಕ್ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತುದಿಗೇರಿ ತಾನಾಗಿ ಇಳಿಯುತ್ತದೆ. ಎದೆ ಹೊಡೆದುಕೊಳ್ಳುವಾಗಲೇ ಓಡಿಬಂದರೆ, ಓಡಿದ್ದಕ್ಕೇ ಬದುಕಿದೆ ಎಂದು ಮನಸ್ಸು ಬರೆದಿಟ್ಟುಕೊಂಡು ಮುಂದಿನ ಸಲ ಇನ್ನೂ ಬೇಗ ಓಡಿಸುತ್ತದೆ. ಚಿತ್ರವಿಡೀ ಮನೆಗೆ ಹೊಂದಿಕೊಂಡರೆ, ಕಲೆಯ ಹೆಸರಿನಲ್ಲಿ ನೀವು ಮಾಡುತ್ತಿರುವುದೂ ಅದೇ ಓಟವಾಗಬಹುದು. ಹಾಗೆಂದು ಶೂಟಿಂಗ್ ದಿನವೇ ಮೊದಲ ಸಲ ನಿಲ್ದಾಣಕ್ಕೆ ಹೋಗಬೇಡಿ. ಹಾಲಿನ ಬೂತಿನ ಮುಂದಿನ ಹಂತ ಯಾವುದೆಂಬುದನ್ನು ನಿಮ್ಮ ಚಿಕಿತ್ಸಕರೊಂದಿಗೆ ಕೂತು ನಿರ್ಧರಿಸಿ, ಅದರ ದಿನಾಂಕವನ್ನು ಶೂಟಿಂಗ್ ಪಟ್ಟಿಗೆ ಕಟ್ಟಬೇಡಿ. ಹೊತ್ತಲ್ಲದ ಹೊತ್ತಿನಲ್ಲಿ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೇ ಮಾತನಾಡುತ್ತಾರೆ.

ಉತ್ತರ 3

ನಿರ್ಮಾಣ ವಿಭಾಗದಲ್ಲಿ ಕೆಲಸ ಮಾಡುವವನ ಎರಡು ಮಾತು. ನಿಲ್ದಾಣದಲ್ಲಿ ತೆಗೆಯುವುದಾದರೆ ಮುಂಚೆಯೇ ಅನುಮತಿ ಪಡೆಯಬೇಕು. ತಂಡಕ್ಕೆ ನಿಮ್ಮ ಸ್ಥಿತಿಯನ್ನು ಮೊದಲೇ ತಿಳಿಸಿ, ನೀವು ಎದ್ದುಹೋಗಿ ಹತ್ತು ನಿಮಿಷ ಕೂತರೆ ಯಾರು ಮುಂದುವರಿಸಬೇಕೆಂದು ಗೊತ್ತುಮಾಡಿಕೊಳ್ಳಿ. ವಿಡಿಯೊ ಕಾಲ್‌ನಲ್ಲಿ ನಿರ್ದೇಶಿಸಿದರೆ ದೃಶ್ಯ ನಿಮ್ಮದಲ್ಲವೆಂದು ಹೇಳುವವರು ಸಿನಿಮಾ ಮಾಡಿದವರಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಚಿಕ್ಕಪ್ಪನ ಮಗ ಧ್ವನಿಮುದ್ರಿಸಿ ತಂದ ನಿಲ್ದಾಣದ ಸದ್ದನ್ನು ನಿನ್ನೆ ಬಚ್ಚಲಲ್ಲಿ ಸ್ಪೀಕರ್ ಇಟ್ಟು ಕೇಳಿಸಿದ. ಬಸ್ಸು ಹಿಂದಕ್ಕೆ ಬರುವ ಗುಡುಗಿಗೆ ಹಂಡೆಯ ಮುಚ್ಚಳ ಅದುರಿತು, ನನ್ನ ಅಂಗೈಯೂ ಬೆವರಿತು. ಎದ್ದು ಹೋಗಬೇಕೆನಿಸಿದರೂ ಸದ್ದು ಮುಗಿಯುವವರೆಗೆ ಮಣೆಯ ಮೇಲೆಯೇ ಕೂತಿದ್ದೆ. ಮುಚ್ಚಳದ ಆ ದೃಶ್ಯ ಚಿತ್ರದಲ್ಲಿ ಇರುತ್ತದೆ. ನಾಲ್ಕು ಗಂಟೆಯ ಯೋಜನೆಯನ್ನು ಕೈಬಿಟ್ಟಿದ್ದೇನೆ. ನಿಲ್ದಾಣಕ್ಕೆ ಹೋಗುವ ಮಾತನ್ನು ಗುರುವಾರ ಚಿಕಿತ್ಸಕರ ಮುಂದಿಡುತ್ತೇನೆ.