ಅಪ್‌ಡೇಟ್: ಅಲ್ಪಾಕಾವೋ ಮೆರಿನೋವೋ? ಕುಸ್ಕೊದಿಂದ ಮರಳಿದ ಮೇಲೆ

ಜೂನ್‌ನಲ್ಲಿ ಪೆರುವಿನ ಕುಸ್ಕೊಗೆ ಹೊರಟಿದ್ದೇನೆ, ಯಾವ ಉಣ್ಣೆಯ ಬಟ್ಟೆ ಒಯ್ಯಲಿ ಎಂದು ಕೇಳಿದ್ದೆ. ‘ಒಳಗೆ ಮೆರಿನೋ (ನವಿರು ಉಣ್ಣೆಯ ಕುರಿ ತಳಿ), ಮೇಲೆ ಅಲ್ಪಾಕಾ (ಒಂಟೆಯ ಕುಟುಂಬಕ್ಕೆ ಸೇರಿದ ದಕ್ಷಿಣ ಅಮೆರಿಕದ ಪ್ರಾಣಿ)’ ಎಂದವರಿಗೆ ಮನಸಾರೆ ವಂದನೆಗಳು. ಹಾಗೆಯೇ ಮಾಡಿದೆ.

ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಜೂನ್ ಅಲ್ಲಿ ಚಳಿಗಾಲ. ಹಗಲು ಚುರುಗುಟ್ಟುವ ಬಿಸಿಲು, ರಾತ್ರಿ ಶೂನ್ಯದ ಆಸುಪಾಸು. ತೆಳು ಮೆರಿನೋ ಅಂಗಿಯನ್ನು ನಾಲ್ಕು ದಿನ ಒಗೆಯದೆ ತೊಟ್ಟರೂ ಬೆವರಿನ ವಾಸನೆ ಹಿಡಿಯಲಿಲ್ಲ. ಹತ್ತುವಾಗ ನೆನೆದದ್ದು ಮೈಮೇಲೆಯೇ ಆರುತ್ತಿತ್ತು.

ಅಲ್ಪಾಕಾ ಸ್ವೆಟರನ್ನು ಅಲ್ಲಿಯೇ ಕೊಂಡೆ. ‘ಬೇಬಿ ಅಲ್ಪಾಕಾ’ ಎಂದರೆ ಮರಿಯ ಉಣ್ಣೆ ಎಂದು ತಿಳಿದಿದ್ದೆ. ಅಲ್ಲ, ಅದು ಉಣ್ಣೆಯ ಎಳೆ ಎಷ್ಟು ನವಿರು ಎಂಬುದನ್ನು ಸೂಚಿಸುವ ದರ್ಜೆ, ಎಳೆಯ ದಪ್ಪ ಸುಮಾರು 22 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್). ನನ್ನ ಮೆರಿನೋ 18.5 ಮೈಕ್ರಾನಿನದು, ಇನ್ನೂ ನವಿರು. ಆದರೂ ಸಂಜೆಯ ಗಾಳಿಯಲ್ಲಿ ಆ ಸ್ವೆಟರ್ ಕೊಟ್ಟ ಬೆಚ್ಚನೆಯ ಸುಖವನ್ನು ಮರೆಯಲಾರೆ. ಕಂಬಳಿ ತಾಗಿದರೆ ಮೈ ತುರಿಸಿಕೊಳ್ಳುವ ಅಮ್ಮ ಕೂಡ ಈಗ ಅದನ್ನು ಬಿಟ್ಟುಕೊಡುತ್ತಿಲ್ಲ.

ಒಂದು ಎಚ್ಚರಿಕೆ ಮಾತ್ರ ಯಾರೂ ಹೇಳಿರಲಿಲ್ಲ. ಮೆರಿನೋ ಎಳೆಯಲ್ಲಿ ಸಹಜವಾದ ಗುಂಗುರು ಹೆಚ್ಚು, ಎಳೆದರೂ ಮರಳಿ ಕೂಡಿಕೊಳ್ಳುತ್ತದೆ. ಅಲ್ಪಾಕಾದಲ್ಲಿ ಅದು ಕಡಿಮೆ. ಹ್ಯಾಂಗರ್‌ಗೆ ತೂಗುಹಾಕಿದ್ದ ಸ್ವೆಟರ್ ಎರಡೇ ವಾರದಲ್ಲಿ ಎರಡು ಬೆರಳಿನಷ್ಟು ಜೋಲುಬಿದ್ದಿತು. ತಣ್ಣೀರಿನಲ್ಲಿ ಮೆಲ್ಲನೆ ಅದ್ದಿ, ಹಿಂಡದೆ, ಟವೆಲ್ ಮೇಲೆ ಹರಡಿ ಆಕಾರಕ್ಕೆ ತಂದೆ, ಬಹುಪಾಲು ಸರಿಹೋಯಿತು. ಈಗ ಮಡಚಿ, ಬೇವಿನ ಎಲೆಯೊಂದಿಗೆ ಪೆಟ್ಟಿಗೆಯಲ್ಲಿಟ್ಟಿದ್ದೇನೆ.